ಭಂಗಾರವೋ, ಬಂಗಾರವೋ?

ದೀಪಾವಳಿ ಸಮೀಪಿಸಿತೆಂದರೆ ನಮ್ಮ ಬೆಳುಂಕಿಯಲ್ಲಿ ಮನೆಮನೆಯ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ, ತಾಮ್ರ ಹಿತ್ತಾಳೆಗೆ ಹುಣಸೆಹಣ್ಣು. ಸರಿಯಾಗಿ ಇದೇ ಹೊತ್ತಿಗೆ ಭಂಗಾರದವನ ಗಾಡಿಯೂ ಓಣಿಗೆ ಬರುತ್ತದೆ. ಮರಾಠಿಯ ನೆರೆಯಲ್ಲಿರುವ ನಮಗೆ ಮುರುಕು ಸಾಮಾನೆಂದರೆ ‘ಭಂಗಾರ’. ಒಡವೆ ಮಾಡಿಸುವ ಲೋಹವೆಂದರೆ ‘ಬಂಗಾರ’. ಎರಡರ ನಡುವೆ ಇರುವುದು ಒಂದೇ ಒಂದು ಮಹಾಪ್ರಾಣದ ಅಂತರ. ಅಲ್ಪಪ್ರಾಣ, ಮಹಾಪ್ರಾಣಗಳನ್ನು ಬೇರ್ಪಡಿಸಿ ನುಡಿಯಲು ನಮ್ಮ ಗುರುಗಳು ಚಿಕ್ಕಂದಿನಲ್ಲಿಯೇ ಕಲಿಸಿದರು. ಆದರೆ ಮನೆಯೊಳಗಿನ ವಸ್ತುಗಳಲ್ಲಿ ಯಾವುದು ಭಂಗಾರ, ಯಾವುದು ಬಂಗಾರ ಎಂದು ಬೇರ್ಪಡಿಸಲು ನಾವಿನ್ನೂ ಕಲಿತಿಲ್ಲವೆಂದು ನನಗೆ ಅನಿಸುತ್ತದೆ.

ಕಳೆದ ದೀಪಾವಳಿಯ ಮಾತು. ಅಟ್ಟದ ಮೇಲಿನ ಟ್ರಂಕಿನಿಂದ ಒಡೆದ ಕಂದೀಲು, ತುಕ್ಕು ಹಿಡಿದ ಕೊಡಲಿ, ಕಿವಿಯಿಲ್ಲದ ಬೋಗುಣಿಗಳ ಸಂಗಡ ಒಂದು ಕಪ್ಪು ಕೆಮರಾ ಹೊರಬಂತು. ಗಾಡಿಯವನು ಅದನ್ನು ಕೈಯಲ್ಲಿ ತೂಗಿ ನೋಡಿ, “ಇದು ಪ್ಲಾಸ್ಟಿಕ್ ಐತ್ರಿ, ಕಿಲೋದ ಮ್ಯಾಲೆ ತಗೋತೀನಿ” ಎಂದ. ಒಂಬತ್ತನೆಯ ಇಯತ್ತೆಯಲ್ಲಿ ಓದುವ ನನ್ನ ಮಗಳು ಓಡಿ ಬಂದು ಅದನ್ನು ಕಸಿದುಕೊಂಡಳು. “ಅಪ್ಪಾ, ಇದನ್ನ ಯಾಕ ಕೊಡ್ತೀ? ಒಳಗ ಏನೈತಿ ನೋಡೂಣು” ಎನ್ನುತ್ತ ಮುಚ್ಚಳಕ್ಕೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದುಬಿಟ್ಟೆ. ಅಷ್ಟು ಜೋರಾಗಿ ಯಾಕೆ ಹಿಡಿದೆ ಎಂಬುದು ಅವಳಿಗೆ ಆಗ ತಿಳಿಯಲಿಲ್ಲ. ಅದನ್ನು ಅವಳಿಗೆ ಆ ಸಂಜೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

ಮೊದಲು ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮನೆಯಲ್ಲಿ ಹಳೆಯ ಫಿಲ್ಮ್ ಕೆಮರಾ ಇದ್ದರೆ ಅದನ್ನು ಭಂಗಾರಕ್ಕೆ ಹಾಕಬಾರದು. ಗಾಜಿನ ಕಪಾಟಿನಲ್ಲಿ ಶೋಭೆಗೆಂದು ಇಟ್ಟು ಮರೆಯಲೂಬಾರದು. ಹಿರಿಯರ ಕಣ್ಣೆದುರಿನಲ್ಲಿ ಮಕ್ಕಳ ಕೈಗೆ ಕೊಟ್ಟು ಅದನ್ನು ಸ್ವಚ್ಛ ಮಾಡಿಸಬೇಕು. ಹೀಗೆ ಮಾಡಿದರೆ ಕೆಮರಾ ಮತ್ತೆ ನಡೆದೀತು, ನಡೆಯದೆಯೂ ಹೋದೀತು. ಆದರೆ ಮಗುವಿನ ಕೈಗೆ ಎರಡು ವಿದ್ಯೆಗಳು ಬರುತ್ತವೆ: ಒಂದು, ತಾಳ್ಮೆಯಿಂದ ಮಾಡುವುದು; ಇನ್ನೊಂದು, ಗೊತ್ತಿಲ್ಲದ ಕಡೆ ಕೈ ನಿಲ್ಲಿಸುವುದು. ಎರಡನೆಯ ವಿದ್ಯೆ ನನಗೆ ಇರಲಿಲ್ಲವಾದ್ದರಿಂದ ನಮ್ಮ ಮನೆತನ ಏನನ್ನು ಕಳೆದುಕೊಂಡಿತು ಎಂಬುದನ್ನು ಕೇಳಿರಿ.

ಆ ಕೆಮರಾ ಆಗ್ಫಾ ಕ್ಲಿಕ್ ಮೂರು. ಬಡೋದೆಯ ನ್ಯೂ ಇಂಡಿಯಾ ಇಂಡಸ್ಟ್ರೀಜ್ ಕಾರಖಾನೆಯಲ್ಲಿ ತಯಾರಾದದ್ದು. ಒಂದು ಕಾಲಕ್ಕೆ ನಮ್ಮ ದೇಶದ ಮಧ್ಯಮವರ್ಗದ ಮನೆಗಳಿಗೆ ಫೋಟೋ ತೆಗೆಯುವ ಚಟ ಹಚ್ಚಿದ್ದೇ ಇದು. ‘ನೂರಾ ಇಪ್ಪತ್ತು’ ಎಂದು ಕರೆಯುವ ಅಗಲವಾದ ರೋಲು ಹಾಕಿದರೆ ಆರು ಸೆಂಟಿಮೀಟರಿನ ಚೌಕದ ಹನ್ನೆರಡು ಫೋಟೋ ಬರುತ್ತವೆ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಹೆಚ್ಚಿನ ಗೊಂದಲವಿಲ್ಲ. ಹಿಂಬದಿಯಲ್ಲಿ ಒಂದು ಕೆಂಪು ಕಿಂಡಿ. ಅದರೊಳಗೆ ಎಷ್ಟನೆಯ ಫೋಟೋ ಎಂಬ ಅಂಕಿ ಕಾಣುತ್ತದೆ.

ಅದನ್ನು ಕೊಂಡವನು ನನ್ನ ಸೋದರಮಾವ. ಸೊಲ್ಲಾಪುರದ ಬಟ್ಟೆಯ ಗಿರಣಿಯಲ್ಲಿ ಕೆಲಸಕ್ಕಿದ್ದ. ೧೯೮೨ರಲ್ಲಿ ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಎಲ್ಲರೂ ಚಕ್ಕಡಿ ಕಟ್ಟಿಕೊಂಡು ಹೋದಾಗ ಮಾಮಾ ಕೆಮರಾ ತಂದಿದ್ದ. ನಮ್ಮ ಆಯಿ ಚಕ್ಕಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಮಾಮಾ ಅವಳ ಫೋಟೋ ತೆಗೆದ. ಆಯಿಯ ಆಯುಷ್ಯದಲ್ಲಿ ಅದೇ ಮೊದಲನೆಯ ಫೋಟೋ. ಒಟ್ಟು ಒಂಬತ್ತು ತೆಗೆದಾಗಿತ್ತು. “ಇನ್ನ ಮೂರು ಉಳದಾವು, ಯುಗಾದಿಗಿ ತಗದು ತೊಳಸೂಣು” ಎಂದು ಮಾಮಾ ಕೆಮರಾವನ್ನು ನಮ್ಮ ಮನೆಯಲ್ಲಿಯೇ ಅವ್ವನ ಹತ್ತಿರ ಕೊಟ್ಟು ಹೋದ. ಯುಗಾದಿಗೆ ಮಾಮಾನಿಗೆ ರಜೆ ಸಿಗಲಿಲ್ಲ. ಬೇಸಿಗೆಯಲ್ಲಿ ಆಯಿ ತೀರಿಕೊಂಡಳು.

ನಾನಾಗ ಏಳನೆಯ ಇಯತ್ತೆಯ ಹುಡುಗ. ಆಯಿಯ ಫೋಟೋ ಇದರೊಳಗಿದೆ ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದೆ. ಒಳಗಿದ್ದರೆ ನೋಡಬಹುದಲ್ಲವೇ? ಒಂದು ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಕೂತು ಮುಚ್ಚಳ ತೆಗೆದೆ. ಸುರುಳಿಯ ಮೇಲೆ ಕಾಗದವಿತ್ತು. ಎಳೆದೆ. ಕಾಗದದ ಸಂಗಡ ಫಿಲ್ಮು ಬಂತು. ಆಯಿ ಎಲ್ಲಿದ್ದಾಳೆಂದು ಕೊನೆಯವರೆಗೂ ಎಳೆದು ಬಿಸಿಲಿಗೆ ಹಿಡಿದು ನೋಡಿದೆ. ಯಾರೂ ಇರಲಿಲ್ಲ.

ಮಾಮಾ ಬಂದಾಗ ಅವ್ವ ವಿಷಯ ತಿಳಿಸಿದಳು. ಅವನು ನನಗೆ ಬಡಿಯಲಿಲ್ಲ, ಬೈಯಲೂ ಇಲ್ಲ. ಫಿಲ್ಮನ್ನು ಸುರುಳಿ ಸುತ್ತಿ ಕಿಸೆಯಲ್ಲಿ ಇಟ್ಟುಕೊಂಡ. ಕೆಮರಾದ ಮುಚ್ಚಳ ಹಾಕಿ ಟ್ರಂಕಿನಲ್ಲಿಟ್ಟ. ಮತ್ತೆ ಅದನ್ನು ಮುಟ್ಟಲಿಲ್ಲ. ಆಯಿಯ ಬೇರೆ ಫೋಟೋ ಯಾರ ಮನೆಯಲ್ಲಿಯೂ ಇಲ್ಲ.

ನಾನು ಮಾಡಿದ್ದು ಏನೆಂಬುದು ವಿಜ್ಞಾನ ಓದಿದ ಮೇಲೆ ತಿಳಿಯಿತು. ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಸೂಕ್ಷ್ಮ ಕಣಗಳ ಲೇಪವಿರುತ್ತದೆ. ಶಟರು ತೆರೆದ ಒಂದು ಕ್ಷಣದಲ್ಲಿ ಎಲ್ಲಿ ಬೆಳಕು ಬಿತ್ತೋ ಅಲ್ಲಿನ ಕಣಗಳು ಒಳಗೊಳಗೇ ಮಾರ್ಪಡುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಚಿತ್ರ ಅಡಗಿರುತ್ತದೆ. ಕತ್ತಲೆಯಲ್ಲಿ ರಸಾಯನದ್ರವದಿಂದ ತೊಳೆದಾಗ ಆ ಕಣಗಳಷ್ಟೇ ಕಪ್ಪು ಬೆಳ್ಳಿಯಾಗಿ ನೆಗೆಟಿವ್ ಮೂಡುತ್ತದೆ. ತೊಳೆಯುವ ಮೊದಲೇ ಹಗಲಿಗೆ ಹಿಡಿದರೆ ಎಲ್ಲ ಕಣಗಳಿಗೂ ಬೆಳಕು ತಾಗಿ ಚಿತ್ರವೆಲ್ಲ ಕರಿಯ ಬಯಲಾಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನನ್ನ ಮಟ್ಟಿಗೆ ಅಂಗಳದಲ್ಲಿಯೇ ನಿಜವಾಯಿತು.

ಆದುದರಿಂದ ಹಳೆಯ ಕೆಮರಾ ಕೈಗೆ ಬಂದಾಗ ಮೊದಲ ನಿಯಮವಿದು: ತೆರೆಯುವ ಮೊದಲು ಒಳಗೆ ರೋಲು ಇದೆಯೇ ನೋಡಬೇಕು. ಕೆಂಪು ಕಿಂಡಿಯಿದ್ದರೆ ಅದರಲ್ಲಿ ಅಂಕಿಯೋ ಕಾಗದದ ಬಣ್ಣವೋ ಕಂಡೀತು. ಸಣ್ಣ ರೋಲಿನ, ಅಂದರೆ ಮೂವತ್ತೈದು ಮಿಲಿಮೀಟರ್ ಫಿಲ್ಮಿನ ಕೆಮರಾ ಆದರೆ, ಫಿಲ್ಮನ್ನು ಹಿಂದಕ್ಕೆ ಸುತ್ತುವ ತಿರುಪನ್ನು ಬಾಣದ ಗುರುತಿನ ಕಡೆಗೆ ಮೆಲ್ಲಗೆ ತಿರುಗಿಸಬೇಕು. ಬಿಗಿಯಾಗಿ ತಡೆದರೆ ಒಳಗೆ ಫಿಲ್ಮಿದೆ ಎಂದು ತಿಳಿಯಬೇಕು. ಇದ್ದರೆ ಸುರುಳಿಯನ್ನು ಪೂರ್ತಿ ಸುತ್ತಿ, ಕತ್ತಲೆಯಲ್ಲಿ ತೆಗೆದು, ಕಪ್ಪು ಕಾಗದದಲ್ಲಿ ಸುತ್ತಿ ತೊಳೆಯುವವರಿಗೆ ಕಳಿಸಬೇಕು. ಕಪ್ಪು ಬಿಳುಪಿನ ಫಿಲ್ಮಾದರೆ ಹತ್ತಾರು ವರ್ಷಗಳ ಮೇಲೆಯೂ ಮಸುಕಾದ ಚಿತ್ರ ಸಿಕ್ಕ ಉದಾಹರಣೆಗಳಿವೆ. ನಿಮ್ಮ ಮನೆಯ ಆಯಿ, ಮುತ್ಯಾ ಅದರೊಳಗೆ ಕಾಯುತ್ತಿರಬಹುದು.

ಇನ್ನು ಸ್ವಚ್ಛ ಮಾಡುವ ವಿಷಯ. ನಾನೂ ಮಗಳೂ ದೀಪಾವಳಿಯ ರಜೆಯಲ್ಲಿ ನಾಲ್ಕು ದಿನ ಈ ಕೆಲಸಕ್ಕೆ ಕೂತೆವು. ಮೊದಲ ದಿನ ಏನನ್ನೂ ಬಿಚ್ಚಲಿಲ್ಲ. ಒಂದು ವಹಿಯಲ್ಲಿ ಕೆಮರಾದ ನಾಲ್ಕು ಬದಿಯ ಚಿತ್ರ ಬರೆದೆವು. ಯಾವುದು ತಿರುಗುತ್ತದೆ, ಯಾವುದು ಸಿಕ್ಕಿಕೊಂಡಿದೆ ಎಂದು ಗುರುತು ಹಾಕಿದೆವು. ಮಗಳಿಗೆ ಇದು ಬೇಸರವೆನಿಸಿತು. ಆದರೆ ವೈದ್ಯರು ನಾಡಿ ನೋಡದೆ ಔಷಧ ಕೊಡುತ್ತಾರೆಯೇ?

ಎರಡನೆಯ ದಿನ ಧೂಳು. ಮಂಗಳೂರು, ಕಾಸರಗೋಡುಗಳಂಥ ಕರಾವಳಿಯ ಊರುಗಳಲ್ಲಿ ಕೆಮರಾದ ವೈರಿಯೆಂದರೆ ತೇವ. ನಮ್ಮ ಜತ್ತ ತಾಲೂಕಿನಂಥ ಮಳೆ ಕಡಿಮೆಯ ಸೀಮೆಯಲ್ಲಿ ವೈರಿಯೆಂದರೆ ಧೂಳು. ಈ ಧೂಳಿನಲ್ಲಿ ಗಾಜನ್ನು ಗೀರುವಷ್ಟು ಗಟ್ಟಿಯಾದ ಮರಳಿನ ಕಣಗಳಿರುತ್ತವೆ. ಧೋತರದ ಸೆರಗಿನಿಂದ ಲೆನ್ಸನ್ನು ಗಸಗಸನೆ ಒರೆಸುವುದು ನಮ್ಮ ಹಳೆಯ ಚಾಳಿ. ಅದು ಒರೆಸಿದಂತಲ್ಲ, ಕನ್ನಡಿಯನ್ನು ಮರಳಿನಿಂದ ತಿಕ್ಕಿದಂತೆ. ಮೊದಲು ಗಾಳಿ, ಆಮೇಲೆ ಕುಂಚ, ಕಟ್ಟಕಡೆಗೆ ಬಟ್ಟೆ: ಈ ಕ್ರಮ ತಪ್ಪಬಾರದು. ಗಾಳಿಗಾಗಿ ಹಿಚುಕಿದರೆ ಉಸಿರು ಬಿಡುವ ರಬ್ಬರಿನ ಉಂಡೆ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಬಾಯಿಂದ ಊದಬಾರದು, ಉಗುಳಿನ ಹನಿ ಬೀಳುತ್ತದೆ. ಕುಂಚ ಮೆತ್ತಗಿನದಾಗಿರಬೇಕು, ಬಣ್ಣ ಕಾಣದ ಹೊಸದಾಗಿರಬೇಕು. ಬಟ್ಟೆ ಹಲವು ಸಲ ಒಗೆದು ಮೃದುವಾದ ಹತ್ತಿಯದು, ಇಲ್ಲವೆ ಕನ್ನಡಕದವರು ಕೊಡುವಂಥದು. ದ್ರವವನ್ನು ಎಂದೂ ಗಾಜಿನ ಮೇಲೆ ಹನಿಸಬಾರದು, ಬಟ್ಟೆಯ ತುದಿಗೆ ಹನಿಸಬೇಕು. ಇಲ್ಲವಾದರೆ ಅದು ಅಂಚಿನಿಂದ ಒಳಗೆ ಇಳಿದು ಕೂರುತ್ತದೆ. ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಹಗುರವಾಗಿ ಒರೆಸಬೇಕು. ಲೆನ್ಸು ಗಾಜಿನದೋ ಪ್ಲಾಸ್ಟಿಕ್ಕಿನದೋ ಖಚಿತವಾಗುವವರೆಗೆ ಸ್ಪಿರಿಟ್ಟಿನ ಗೊಡವೆ ಬೇಡ. ಕೆಲವು ಲೆನ್ಸುಗಳಲ್ಲಿ ನೀಲಿ ನೇರಳೆ ಹೊಳಪು ಕಾಣುತ್ತದೆ. ಅದು ಕೊಳೆಯಲ್ಲ, ಕಾರಖಾನೆಯಲ್ಲಿ ಹಚ್ಚಿದ ತೆಳು ಲೇಪ. ಅದನ್ನು ತಿಕ್ಕಿ ತೆಗೆಯಲು ಹೋಗಬಾರದು.

ಲೆನ್ಸಿನ ಒಳಗೆ ಜೇಡರ ಬಲೆಯ ಎಳೆಗಳಂತೆ ಕಂಡರೆ ಅದು ಬೂಷ್ಟು. ತೇವವೂ ಕತ್ತಲೆಯೂ ಕೂಡಿದಲ್ಲಿ ಅದು ಬೆಳೆಯುತ್ತದೆ. ಚರ್ಮದ ಚೀಲದಲ್ಲಿ ಹಾಕಿ ಭದ್ರವಾಗಿ ಇಟ್ಟಿದ್ದೇವೆಂದು ನಾವು ತಿಳಿಯುತ್ತೇವೆ. ಆದರೆ ಚರ್ಮ ತೇವವನ್ನು ಹಿಡಿದಿಟ್ಟುಕೊಂಡು ಬೂಷ್ಟನ್ನು ಸಾಕುತ್ತದೆ. ಚೀಲ ಬೇರೆ, ಕೆಮರಾ ಬೇರೆ ಇಡಬೇಕು. ಹೊಸ ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆಯನ್ನು ಬಿಸಾಡದೆ ಕೆಮರಾದ ಡಬ್ಬಿಯಲ್ಲಿ ಹಾಕಿಟ್ಟರೆ ತೇವ ಹೀರುತ್ತದೆ. ಬೂಷ್ಟು ಬಹಳ ದಿನ ಇದ್ದು ಗಾಜನ್ನೇ ಕೊರೆದಿದ್ದರೆ ಕಲೆ ಹೋಗುವುದಿಲ್ಲ. ಅಷ್ಟರಿಂದ ಫೋಟೋ ಕೆಡುವುದೂ ಇಲ್ಲ. ಸಣ್ಣ ಪುಟ್ಟ ಕಲೆಗೆ ಅಂಜಬೇಕಾದುದಿಲ್ಲ.

ಮೂರನೆಯ ದಿನ ತುಕ್ಕು ಮತ್ತು ಕಿಲುಬು. ನಮ್ಮ ಕೆಮರಾದ ಮುಚ್ಚಳದ ಕೊಂಡಿ ತುಕ್ಕು ಹಿಡಿದಿತ್ತು. ಅದಕ್ಕೆ ಒಣ ಕುಂಚ, ಮೊನೆ ಮಾಡಿದ ಬಿದಿರಿನ ಕಡ್ಡಿ ಸಾಕಾಯಿತು. ಸೆಲ್ ಹಾಕುವ ಕೆಮರಾಗಳಲ್ಲಿ ಸೆಲ್ ಸೋರಿ ಬಿಳಿಯ, ಹಸಿರಿನ ಪುಡಿ ಕಟ್ಟಿರುತ್ತದೆ. ಈಗಿನ ಆಲ್ಕಲೈನ್ ಸೆಲ್ಲುಗಳ ಸೋರಿಕೆ ಕ್ಷಾರ. ಆದ್ದರಿಂದ ಹತ್ತಿ ಸುತ್ತಿದ ಕಡ್ಡಿಗೆ ಲಿಂಬೆರಸವನ್ನೋ ವಿನೆಗರನ್ನೋ ತುಸುವೇ ತಾಗಿಸಿ ಒರೆಸಿದರೆ ಬಿಡುತ್ತದೆ. ಆಮ್ಲವೂ ಕ್ಷಾರವೂ ಕೂಡಿದರೆ ಏನಾಗುತ್ತದೆಂದು ನೀವು ಓದಿದ್ದೀರಲ್ಲವೇ? ಅವ್ವಂದಿರು ಹಿತ್ತಾಳೆಯ ಕೊಡವನ್ನು ಹುಣಸೆಹಣ್ಣಿನಿಂದ ತೊಳೆಯುವುದರಲ್ಲಿಯೂ ಆಮ್ಲದ ಕೆಲಸವೇ ಇದೆ. ಆದರೆ ಕೊಡದಂತೆ ಕೆಮರಾಕ್ಕೆ ನೀರು ಸುರಿಯಬಾರದು, ಅಷ್ಟೇ.

ಒಳಗಿನ ಬೆಳಕಿನ ಸೋರಿಕೆಯನ್ನು ಹಿಡಿಯುವುದು ಮಕ್ಕಳಿಗೆ ಬಲು ಮೋಜಿನ ಕೆಲಸ. ನೆರೆಮನೆಯ ಹಿರಿಯರೊಬ್ಬರ ಹತ್ತಿರ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಕೆಮರಾ ಇತ್ತು. ರಾತ್ರಿ ದೀಪವಾರಿಸಿ ತಿದಿಯೊಳಗೆ ಸಣ್ಣ ಬ್ಯಾಟರಿ ಹಿಡಿದೆವು. ಮಡಿಕೆಯ ಮೂಲೆಗಳಲ್ಲಿ ಮೂರು ಚುಕ್ಕೆ ನಕ್ಷತ್ರದಂತೆ ಹೊಳೆದವು. ಅವುಗಳಿಗೆ ಕಪ್ಪು ಬಟ್ಟೆಯ ಪಟ್ಟಿ ಅಂಟಿಸಿದೆವು. ಜಪಾನಿನಿಂದ ಬಂದ ಹಳೆಯ ಕೆಮರಾಗಳಲ್ಲಿ ಹಿಂಬಾಗಿಲಿನ ಸುತ್ತ ಕಪ್ಪು ಸ್ಪಂಜಿನ ಅಂಚು ಇರುತ್ತದೆ. ವರ್ಷಗಳು ಕಳೆದಂತೆ ಅದು ಕರಗಿ ಡಾಂಬರಿನಂತೆ ಜಿಗುಟಾಗುತ್ತದೆ. ಅದನ್ನು ಕೆರೆದು ತೆಗೆದು, ಸ್ವೆಟರ್ ಹೆಣೆಯುವ ಕಪ್ಪು ಉಣ್ಣೆಯ ದಾರವನ್ನು ಆ ಕಾಲುವೆಯಲ್ಲಿ ಕೂರಿಸಬಹುದು. ಪರದೇಶದ ಸಾಮಾನು ಬೇಕಿಲ್ಲ.

ತಿರುಪು ಬಿಚ್ಚುವುದಾದರೆ ಕೆಳಗೆ ಬಿಳಿಯ ಬಟ್ಟೆ ಹಾಸಿರಬೇಕು. ಬಿಚ್ಚಿದ ತಿರುಪುಗಳನ್ನು ಇಡ್ಲಿಯ ತಟ್ಟೆಯ ಕುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲಿಯೇ ಇಡಬೇಕು. ಒಂದನೆಯ ಕುಳಿಯದು ಕೊನೆಗೆ, ಕೊನೆಯ ಕುಳಿಯದು ಮೊದಲಿಗೆ ಮರಳಿ ಸೇರುತ್ತದೆ. ಲೆನ್ಸಿನ ಬಳೆ ಬಿಚ್ಚುವ ಮೊದಲು ಅದು ಎಲ್ಲಿ ನಿಂತಿತ್ತೆಂದು ಪೆನ್ಸಿಲಿನಿಂದ ಗೆರೆ ಹಾಕಬೇಕು. ಇಲ್ಲವಾದರೆ ಮರಳಿ ಕೂರಿಸಿದ ಮೇಲೆ ಚಿತ್ರ ಮಸುಕಾಗಿಯೇ ಬರುತ್ತದೆ.

ಈಗ ಕೈ ನಿಲ್ಲಿಸಬೇಕಾದ ಜಾಗಗಳು. ಶಟರಿಗೆ ಎಣ್ಣೆ ಬಿಡಬಾರದು. ಹೊಲಿಗೆ ಯಂತ್ರಕ್ಕೆ, ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟ ರೂಢಿಯಿಂದ ನಮಗೆ ಎಣ್ಣೆಯೇ ಸರ್ವರೋಗದ ಮದ್ದಾಗಿದೆ. ಶಟರಿನ ತಗಡುಗಳು ಕೂದಲಿನಷ್ಟು ತೆಳು, ಅವು ಒಣಗಿರಬೇಕು. ಎಣ್ಣೆ ತಾಗಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಧೂಳು ಸೇರಿ ಅರಲಾಗುತ್ತದೆ. ಬಹಳ ದಿನ ಸುಮ್ಮನಿದ್ದ ಶಟರು ಹತ್ತಿಪ್ಪತ್ತು ಸಲ ನಡೆಸಿದರೆ ತಾನೇ ಸಡಿಲಾಗುವುದುಂಟು. ನಮ್ಮದು ಹಾಗೆಯೇ ಆಯಿತು. ಆಗದಿದ್ದರೆ ಬಲ್ಲವರ ಹತ್ತಿರ ಒಯ್ಯಬೇಕು. ವೇಗ ನಿಯಂತ್ರಿಸುವ ಹಲ್ಲುಗಾಲಿಗಳಿರುವ ಶಟರು ಕೈಗಡಿಯಾರದಷ್ಟೇ ಸೂಕ್ಷ್ಮ. ಎರಡನೆಯದು ಇನ್ನೂ ಮುಖ್ಯವಾದದ್ದು: ಫ್ಲಾಶ್ ಒಳಗೊಂಡಿರುವ ಕೆಮರಾವನ್ನು ಮಕ್ಕಳು ಬಿಚ್ಚಲೇಬಾರದು. ಅದರೊಳಗಿನ ಕೆಪ್ಯಾಸಿಟರು ಸೆಲ್ ತೆಗೆದ ಮೇಲೆಯೂ ನೂರಾರು ವೋಲ್ಟಿನ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಾಲಕರು ಇದನ್ನು ನೆನಪಿನಲ್ಲಿಡಬೇಕು.

“ಇಷ್ಟೆಲ್ಲ ಯಾಕ್ರಿ? ಫೋನಿನ್ಯಾಗ ನೂರು ಫೋಟೋ ಪುಕ್ಕಟೆ ಬರ್ತಾವು” ಎಂದು ನನ್ನ ಗೆಳೆಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಫೋನಿನ ಫೋಟೋಕ್ಕಿಂತ ಈ ಕೆಮರಾದ ಫೋಟೋ ಚೆಲುವೆಂದು ನಾನು ವಾದಿಸುವುದಿಲ್ಲ. ಒಂದು ರೋಲಿಗೆ ಈಗ ಹಲವು ನೂರು ರೂಪಾಯಿ ಬೀಳುತ್ತದೆ. ನಮ್ಮ ದೇಶದಲ್ಲಿಯೇ ಫಿಲ್ಮ್ ಮಾಡುತ್ತಿದ್ದ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ೧೯೬೦ರಲ್ಲಿ ಸ್ಥಾಪನೆಯಾಗಿ ‘ಇಂದು’ ಎಂಬ ಹೆಸರಿನ ರೋಲುಗಳನ್ನು ಮನೆಮನೆಗೆ ಮುಟ್ಟಿಸಿತ್ತು. ಅದೂ ಮುಚ್ಚಿ ಹೋಗಿದೆ. ಅಮೆರಿಕದ ಕೊಡಾಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು ೧೯೭೫ರಲ್ಲಿಯೇ ಫಿಲ್ಮಿಲ್ಲದ ಡಿಜಿಟಲ್ ಕೆಮರಾ ಮಾಡಿ ತೋರಿಸಿದ್ದ. ಆ ವಿದ್ಯೆಯೇ ಬೆಳೆದು ಫಿಲ್ಮಿನ ಪೇಟೆಯನ್ನು ನುಂಗಿತು. ೨೦೧೨ರಲ್ಲಿ ಕೊಡಾಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಬೇಕಾಯಿತು. ಕಾಲಚಕ್ರವನ್ನು ಹಿಂದಕ್ಕೆ ತಿರುಗಿಸಬೇಕೆಂಬುದು ನನ್ನ ಮಾತಲ್ಲ.

ನನ್ನ ಮಾತು ಬೇರೆ. ಫೋನನ್ನು ನಮ್ಮ ಮಕ್ಕಳು ಬಳಸಬಲ್ಲರು, ಆದರೆ ಬಿಚ್ಚಿ ತಿಳಿಯಲಾರರು. ಅದು ಕೆಟ್ಟರೆ ಬಿಸಾಡುವುದು, ಹೊಸದು ಕೇಳುವುದು. ಹಳೆಯ ಕೆಮರಾದಲ್ಲಿ ಹಾಗಲ್ಲ. ಲೆನ್ಸು ಎಲ್ಲಿದೆ, ಬೆಳಕಿನ ರಂಧ್ರ ಎಲ್ಲಿದೆ, ಶಟರು ಹೇಗೆ ತೆರೆಯುತ್ತದೆ ಎಂಬುದೆಲ್ಲ ಕಣ್ಣಿಗೆ ಕಾಣುತ್ತದೆ. ‘ಬಿ’ ಎಂಬ ಗುರುತಿರುವ ಕೆಮರಾ ಸಿಕ್ಕರೆ ಹಿಂಬಾಗಿಲು ತೆಗೆದು, ಫಿಲ್ಮ್ ಕೂರುವ ಜಾಗಕ್ಕೆ ಬೆಣ್ಣೆ ಕಾಗದ ಅಂಟಿಸಿ, ಶಟರನ್ನು ಒತ್ತಿ ಹಿಡಿದು ನೋಡಿರಿ. ಅಂಗಳದ ಬೇವಿನ ಗಿಡ ಕಾಗದದ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಮಸೂರದ ಪಾಠದಲ್ಲಿ ಗೆರೆ ಎಳೆದು ಬಾಯಿಪಾಠ ಮಾಡಿದ ‘ಸತ್ಯ ಪ್ರತಿಬಿಂಬ’ ಇದೇ. ಲೆನ್ಸಿನ ಸುತ್ತ ೫.೬, ೮, ೧೧, ೧೬ ಎಂಬ ವಿಚಿತ್ರ ಅಂಕಿಗಳಿರುತ್ತವೆ. ಇವು ಲೆನ್ಸಿನ ನಾಭಿದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿ ಬಂದವು. ಎಂಟರಿಂದ ಹನ್ನೊಂದಕ್ಕೆ ತಿರುಗಿಸಿದರೆ ಒಳಗೆ ಬರುವ ಬೆಳಕು ಅರ್ಧವಾಗುತ್ತದೆ. ಯಾಕೆ? ವರ್ತುಳದ ಕ್ಷೇತ್ರಫಲ ತ್ರಿಜ್ಯದ ವರ್ಗಕ್ಕೆ ಹೊಂದಿರುವುದರಿಂದ. ಎರಡರ ವರ್ಗಮೂಲವೇ ಆ ಅಂಕಿಗಳ ಗುಟ್ಟು. ನನ್ನ ಮಗಳು ಇದನ್ನು ಲೆಕ್ಕ ಹಾಕಿ ತಾನೇ ಕಂಡುಕೊಂಡಾಗ ಅವಳ ಮುಖ ನೋಡಿದವನು ನಾನು. ಗಣಿತದ ಪುಸ್ತಕ ಅವಳಿಗೆ ಅಂದು ಬೇರೆಯಾಗಿ ಕಂಡಿರಬೇಕು.

ಬಿಚ್ಚಿ ತಿಳಿಯುವ ಕೈಗಳ ಪರಂಪರೆ ನಮಗೆ ದೂರದ್ದಲ್ಲ. ನೆರೆಯ ಕೊಲ್ಹಾಪುರದಲ್ಲಿ ಆನಂದರಾವ್, ಬಾಬೂರಾವ್ ಎಂಬ ಸೋದರಸಂಬಂಧಿಗಳು ನಾಟಕದ ಪರದೆ ಬರೆಯುವ ಚಿತ್ರಕಾರರಾಗಿದ್ದರು. ‘ಪೇಂಟರ್’ ಎಂಬುದೇ ಅವರ ಹೆಸರಾಯಿತು. ಚಲಚ್ಚಿತ್ರದ ಕೆಮರಾವನ್ನು ತಾವೇ ಮಾಡಬೇಕೆಂದು ಹೊರಟರು. ಆನಂದರಾವ್ ೧೯೧೬ರಲ್ಲಿ ತೀರಿಕೊಂಡರು. ಬಾಬೂರಾವ್ ಎದೆಗುಂದದೆ ಶಿಷ್ಯ ದಾಮ್ಲೆಯವರ ಸಂಗಡ ೧೯೧೮ರ ಸುಮಾರಿಗೆ ಕೆಮರಾ ಪೂರ್ತಿ ಮಾಡಿ, ೧೯೨೦ರಲ್ಲಿ ‘ಸೈರಂಧ್ರಿ’ ಚಿತ್ರವನ್ನು ಜನರ ಮುಂದಿಟ್ಟರು. ಇನ್ನು ನಮ್ಮ ಸಾಂಗಲಿ ಜಿಲ್ಲೆಯದೇ ಆದ ಮಿರಜವನ್ನು ನೋಡಿರಿ. ಅಲ್ಲಿನ ಶಿಕಲಗಾರರು ಮೊದಲು ಆಯುಧಗಳ ಕೆಲಸದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕೆಲಸ ಕುಂದಿದಾಗ ಕೆಟ್ಟ ತಂತಿವಾದ್ಯಗಳನ್ನು ದುರಸ್ತಿ ಮಾಡತೊಡಗಿದರು. ದುರಸ್ತಿ ಮಾಡುತ್ತ ಮಾಡುತ್ತ ಹೊಸ ಸಿತಾರ, ತಂಬೂರಿ ಮಾಡಲು ಕಲಿತರು. ೨೦೨೪ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಕೆಟ್ಟದ್ದನ್ನು ಸರಿಮಾಡಲು ಕೂತ ಕೈಗೇ ಹೊಸದನ್ನು ಮಾಡುವ ದಾರಿ ತೆರೆಯಿತು ಎಂಬುದನ್ನು ಗಮನಿಸಿರಿ.

ಇನ್ನೊಂದು ಎಚ್ಚರಿಕೆ. ದುರಸ್ತಿಯೆಂದರೆ ಹೊಸದರಂತೆ ಮಾಡುವುದಲ್ಲ. ಕೆಮರಾದ ಮೈಮೇಲಿನ ಗೀರುಗಳಿಗೆ ಬಣ್ಣ ಬಳಿದು, ಸವೆದ ಅಕ್ಷರಗಳನ್ನು ತಿದ್ದಿ ಥಳಥಳಿಸುವಂತೆ ಮಾಡುವವರಿದ್ದಾರೆ. ನನಗೆ ಅದು ಸರಿತೋರುವುದಿಲ್ಲ. ನಮ್ಮ ಕೆಮರಾದ ಬಲಬದಿಯಲ್ಲಿ ಮಾಮಾನ ಹೆಬ್ಬೆರಳು ತಾಗಿ ತಾಗಿ ನುಣುಪಾದ ಜಾಗವೊಂದಿದೆ. ಮಗಳು ಅದನ್ನೂ ಒರಟು ಮಾಡಬೇಕೇ ಎಂದು ಕೇಳಿದಳು. “ಬ್ಯಾಡ, ಅದು ಹಂಗೇ ಇರಲಿ” ಎಂದೆ. ಕೊಳೆಯನ್ನು ತೆಗೆಯಬೇಕು, ಬಳಕೆಯ ಗುರುತನ್ನು ಉಳಿಸಬೇಕು. ಎರಡರ ಭೇದ ತಿಳಿಯುವುದೇ ಈ ಕೆಲಸದ ಸಾರ.

ನಾಲ್ಕನೆಯ ದಿನ ಮುಂಬಯಿಯಿಂದ ತರಿಸಿದ ಕಪ್ಪು ಬಿಳುಪಿನ ರೋಲನ್ನು ನೆರಳಿನಲ್ಲಿ ಕೂತು ಹಾಕಿದೆವು. ಹನ್ನೆರಡೇ ಫೋಟೋ. ಆದ್ದರಿಂದ ಮಗಳು ಪ್ರತಿಯೊಂದನ್ನೂ ಯೋಚಿಸಿ ತೆಗೆದಳು. ಫೋನಿನಲ್ಲಿ ಅವಳು ಹಾಗೆ ಯೋಚಿಸಿದ್ದನ್ನು ನಾನು ಕಂಡಿಲ್ಲ. ಮೊದಲನೆಯದು ನನ್ನ ಅವ್ವನದು, ಬಾಗಿಲ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದುದು. ರೋಲನ್ನು ಅಂಚೆಯಲ್ಲಿ ಕಳಿಸಿ ತೊಳೆಸಿದೆವು. ಹನ್ನೆರಡರಲ್ಲಿ ಏಳು ಚೆನ್ನಾಗಿ ಬಂದವು. ಮೂರರ ಮೇಲೆ ಬೆಳಕಿನ ಪಟ್ಟೆ ಬಿದ್ದಿತ್ತು. ಎರಡು ಒಂದರ ಮೇಲೊಂದು ಮೂಡಿದ್ದವು. ಸುತ್ತುವುದನ್ನು ನಾನೇ ಮರೆತಿದ್ದೆ. ಅವ್ವನ ಫೋಟೋ ಮೂಲೆಗಳಲ್ಲಿ ತುಸು ಮಸುಕು. ಒಂದೇ ಗಾಜಿನ ಸಾದಾ ಲೆನ್ಸಿನ ಗುಣವೇ ಅದು. ಮುಖ ಮಾತ್ರ ನಿಚ್ಚಳವಾಗಿತ್ತು. ಅವ್ವ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ನಿಮ್ಮ ಆಯಿ ಕಂಡಂಗ ಕಾಣತೈತಲ್ಲೋ” ಎಂದಳು. ನಾನು ಏನೂ ಮಾತಾಡಲಿಲ್ಲ.

ಹೋದ ಫೋಟೋ ಬರಲಿಲ್ಲ, ಬರುವುದೂ ಇಲ್ಲ. ಒಂದು ಕೆಮರಾ ಸ್ವಚ್ಛ ಮಾಡಿದ್ದರಿಂದ ನನ್ನ ತಪ್ಪು ತೊಳೆದು ಹೋಯಿತೆಂದು ನಾನು ಹೇಳಲಾರೆ. ಆದರೆ ಆ ತಪ್ಪಿನ ಪಾಠ ನನ್ನಲ್ಲಿಯೇ ಮುಗಿಯದೆ ಮಗಳ ಕೈಗೆ ದಾಟಿತು.

ಪಾಲಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. “ಮುಟ್ಟಬ್ಯಾಡ, ಕೆಡಸ್ತೀ” ಎಂದು ಮಕ್ಕಳನ್ನು ದೂರವಿಡಬೇಡಿರಿ. “ಏನ ಬೇಕಾದ್ರ ಮಾಡ್ಕೊ” ಎಂದು ಕೈಗೆ ಕೊಟ್ಟು ಎದ್ದು ಹೋಗಲೂಬೇಡಿರಿ. ಪಕ್ಕದಲ್ಲಿ ಕೂತುಕೊಳ್ಳಿರಿ. ನನ್ನ ಮನೆಯಲ್ಲಿ ಅಂದು ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತಿದ್ದರೆ ಆಯಿ ಇಂದು ಗೋಡೆಯ ಮೇಲೆ ಇರುತ್ತಿದ್ದಳು. ವಿದ್ಯಾರ್ಥಿ ಮಿತ್ರರೇ, ಬರುವ ವಿಜ್ಞಾನ ಪ್ರದರ್ಶನದಲ್ಲಿ ನಿಮ್ಮ ಮನೆಯ ಹಳೆಯ ಕೆಮರಾಕ್ಕೊಂದು ಮೇಜು ಇರಲಿ; ಬೆಣ್ಣೆ ಕಾಗದದ ಮೇಲೆ ಊರನ್ನು ತಲೆಕೆಳಗಾಗಿ ತೋರಿಸಿರಿ. ಕೆಮರಾ ಇಲ್ಲದವರು ಮುತ್ಯಾನ ಗಡಿಯಾರವನ್ನೋ ಅವ್ವನ ಹೊಲಿಗೆ ಯಂತ್ರವನ್ನೋ ಆರಿಸಿಕೊಳ್ಳಿರಿ. ಈ ಸಲದ ದೀಪಾವಳಿಗೆ ಗಾಡಿ ಓಣಿಗೆ ಬಂದಾಗ, ಕೊಡುವ ಮೊದಲು ಒಂದು ಸಲ ಕೈಯಲ್ಲಿ ಹಿಡಿದು ನೋಡಿರಿ.

ಮತ್ತು ಅದು ಕೆಮರಾ ಆಗಿದ್ದರೆ, ಒಳಗೆ ರೋಲು ಇದೆಯೇ ಎಂದು ಮೊದಲು ನೋಡಿರಿ.